ವಿಭೂತಿ ಧರಿಸಿ ಬೋರ್ಡೋಗೆ

ನಮ್ಮ ದೊಡ್ಡಪ್ಪ ಕದ್ದು ಕುಡಿಯುತ್ತಿದ್ದರು ಎಂದು ನಮ್ಮ ಬಳಗದಲ್ಲಿ ಈಗಲೂ ಹೇಳುವವರಿದ್ದಾರೆ. ಹೇಳಲಿ! ಆದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗಂಟಲು ಹರಿದುಕೊಂಡವಳು ನಾನು. ಸಾಕ್ಷಿ ಕೇಳದೆ ಬಿಡುವುದುಂಟೆ? ಯಾರು ನೋಡಿದ್ದು? “ನೋಡಿಲ್ಲ, ಎಲ್ಲಾರೂ ಹೇಳ್ತಾರೆ.” ಏನು ಕುಡಿಯುತ್ತಿದ್ದರು? “ಅದೆಲ್ಲ ನಮಗೆ ಹೆಂಗಮ್ಮ ಗೊತ್ತಾಗುತ್ತೆ!” ಹಾಗಾದರೆ ಕುಳಿತುಕೊಳ್ಳಿ, ಈಗ ನನ್ನ ಸರದಿ.

ದೊಡ್ಡಪ್ಪನದು ದೇವರಾಜ ಮಾರುಕಟ್ಟೆಯ ಹತ್ತಿರ ಗೋಡಂಬಿ-ದ್ರಾಕ್ಷಿ ಅಂಗಡಿ. ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗ. ಕಾಫಿ ಕೂಡ ಅರ್ಧ ಲೋಟ ದಾಟಿದರೆ ತಲೆ ಸುತ್ತು. ಇಂಥ ಮನುಷ್ಯ, ಪ್ರಪಂಚದಲ್ಲಿ ಎಲ್ಲೆಲ್ಲಿ ವೈನ್ ಮಾಡುತ್ತಾರೋ ಅಷ್ಟೂ ಊರುಗಳನ್ನು ಅಂಗೈ ಗೆರೆಯಂತೆ ಬಲ್ಲವರಾಗಿದ್ದರು! ಮೈಸೂರಿಗೆ ಯೋಗ ಕಲಿಯಲು ಬಂದ ಯಾರೋ ಪರದೇಶದವರು ವಾಪಸು ಹೋಗುವಾಗ ಹಳೆ ಪುಸ್ತಕದಂಗಡಿಗೆ ಮಾರಿಹೋದ ದಪ್ಪನೆಯ ವೈನ್ ಅಟ್ಲಾಸು, ತೊಂಬತ್ತರ ದಶಕದಲ್ಲಿ, ಅವರ ಕೈಗೆ ಸಿಕ್ಕಿತು. ಮೇಲೆ ದ್ರಾಕ್ಷಿ ಗೊಂಚಲಿನ ಚಿತ್ರವಿತ್ತಲ್ಲ, ವ್ಯಾಪಾರಕ್ಕೆ ಸಂಬಂಧಪಟ್ಟದ್ದು ಎಂದು ಕೊಂಡುಬಿಟ್ಟರಂತೆ. ಮುಗಿಯಿತು! ಪುಸ್ತಕದ ಹಿಂದೆ ಪುಸ್ತಕ ಬಂತು; ಶ್ರೀರಾಂಪುರದ ಮನೆಯ ಹಜಾರದ ಗೋಡೆಗೆ ಯುರೋಪಿನ ನಕ್ಷೆ ಬಂತು.

“ಬೋರ್ಡೋದಲ್ಲಿ ಎಡದಂಡೆ ಬೇರೆ, ಬಲದಂಡೆ ಬೇರೆ ಕಣಮ್ಮ” ಎಂದು ಅವರು ಫ್ರಾನ್ಸಿನ ವೈನ್ ಸೀಮೆಯ ಕಥೆ ಶುರುಮಾಡಿದರೆ, ಮನೆಗೆ ಬಂದವರು ಕನ್ನಂಬಾಡಿ ನಾಲೆಯ ವಿಷಯ ಅಂದುಕೊಂಡು ಗಂಭೀರವಾಗಿ ತಲೆದೂಗುತ್ತಿದ್ದರು. ಬಲದಂಡೆಯಲ್ಲಿ ಜೇಡಿಮಣ್ಣು, ಎಡದಂಡೆಯಲ್ಲಿ ಗರಸು. “ಗರಸಾದ್ರೆ ಭತ್ತ ಬರಕಿಲ್ಲ ಬುಡಿ” ಎಂದು ಒಬ್ಬರು ಸಲಹೆಯನ್ನೂ ಕೊಟ್ಟು ಹೋದರು!

ಗುಮಾನಿ ಹುಟ್ಟಿದ್ದು ಒಂದು ಬೋರ್ಡಿನಿಂದ. ನಮ್ಮೂರಲ್ಲಿ ಬ್ರಾಂದಿ ಅಂಗಡಿಗೆ ‘ವೈನ್ಸ್’ ಎಂದು ಬರೆಸುತ್ತಾರಲ್ಲ, ದೊಡ್ಡಪ್ಪ ಅದನ್ನು ನಂಬಿದರು. ವೈನ್ ಸೀಸೆಯ ಮೇಲೆ ದ್ರಾಕ್ಷಿ ಬೆಳೆದ ಊರಿನ ಹೆಸರು ಹೇಗೆ ಅಚ್ಚು ಹಾಕಿರುತ್ತಾರೋ ನೋಡೋಣವೆಂದು ಹಾಡಹಗಲೇ, ವಿಭೂತಿ ಸಮೇತ ಒಳಗೆ ನುಗ್ಗಿದರು.

“ವೈನ್ ತೋರಿಸಪ್ಪ.”

“ಅದೊಂದಿಲ್ಲ ಬುದ್ಧೀ. ಬ್ರಾಂದಿ ಐತೆ, ರಮ್ಮೈತೆ.”

“ಮತ್ತೆ ಹೊರಗೆ ಬೋರ್ಡು ಹಾಕಿದ್ದೀಯಲ್ಲ?”

“ಅದು ಅಂಗಡಿ ಹೆಸ್ರು ಬುದ್ಧೀ!”

ಬೋರ್ಡಿನ ಸುಳ್ಳನ್ನು ಖಂಡಿಸಿ, ಮುಖ ಕೆಂಪಗೆ ಮಾಡಿಕೊಂಡು ಹೊರಬಂದರೆ ಎದುರಿಗೆ ನಮ್ಮ ಬಳಗದವರೇ ಒಬ್ಬರು! ಕೆಂಪು ಮುಖಕ್ಕೆ ಅವರು ಬೇರೆ ಕಾರಣ ಕಂಡುಕೊಂಡರು. ಸಂಜೆಯೊಳಗೆ ಸುದ್ದಿ ಊರಿನ ಇನ್ನೊಂದು ತುದಿಯ ಕೆಸರೆ ಮುಟ್ಟಿತ್ತು.

ಬಿಸಿ ತಟ್ಟಿದ್ದು ಮಾತ್ರ ದೊಡ್ಡಪ್ಪನ ಮಗಳಿಗೆ, ನಮ್ಮಕ್ಕನಿಗೆ. ವಿಜಯನಗರದ ಸಂಬಂಧ ಹೆಚ್ಚುಕಡಿಮೆ ಕೂಡಿಬಂದಿತ್ತು. ಅಕ್ಕ ಆ ಹುಡುಗನನ್ನು ಮನಸ್ಸಿಗೆ ಹಚ್ಚಿಕೊಂಡೂ ಆಗಿತ್ತು. ಮಾತುಕತೆಗೆ ಬಂದ ಹುಡುಗನ ತಂದೆ ಗೋಡೆಯ ನಕ್ಷೆ ನೋಡುತ್ತ ಕೇಳಿಯೇಬಿಟ್ಟರು: “ತಪ್ಪು ತಿಳೀಬೇಡಿ. ಕುಡೀದೇ ಇಷ್ಟೆಲ್ಲ ಹೆಂಗೆ ಗೊತ್ತು ನಿಮಗೆ?”

ಬಾಗಿಲ ಹಿಂದೆ ಅಕ್ಕ ನನ್ನ ಕೈ ಹಿಸುಕಿದಳು. ನಾನು ಭಾಷಣಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ದೊಡ್ಡಪ್ಪ ಮೆಲ್ಲಗೆ, “ತಮಗೆ ಕೈಲಾಸ ಗೊತ್ತಲ್ವಾ?” ಅಂದರು.

“ಗೊತ್ತಿಲ್ದೆ ಏನ್ರೀ!”

“ಅಲ್ಲಿ ಯಾರ್ಯಾರು ಎಲ್ಲೆಲ್ಲಿ ಕೂತಿರ್ತಾರೆ ಅಂತಲೂ ಗೊತ್ತು. ಯಾವಾಗ ಹೋಗಿಬಂದ್ರಿ?”

 ಮೊದಲು ಬೀಗರ ಹೊಟ್ಟೆ ಕುಲುಕತೊಡಗಿತು. ನಗು ಆಮೇಲೆ ಬಂತು. “ನಿಮ್ಮನೆ ಹೆಣ್ಣು ನಮಗೇ ಕಣ್ರೀ!” ಚರ್ಚೆಗಳಲ್ಲಿ ಅಷ್ಟು ಕಪ್ಪು ಗೆದ್ದ ನನಗೇ ಇಂಥ ಮರುವಾದ ಹೊಳೆದಿರಲಿಲ್ಲ. ‘ಇವರು ನನ್ನ ದೊಡ್ಡಪ್ಪ’ ಎಂದು ಬೀದಿಗೆ ಹೋಗಿ ಕೂಗಬೇಕೆನ್ನಿಸಿತು.

ಆದರೆ ಬೀಗರು ಹೊರಟುಹೋದ ಮೇಲೆ ದೊಡ್ಡಪ್ಪ ಕುರ್ಚಿ ಹತ್ತಿ ನಕ್ಷೆಯ ಮೊಳೆ ಕೀಳತೊಡಗಿದರು.

“ಸಾಕು ಕಣಮ್ಮ. ಇವತ್ತು ನಕ್ಕವರು ನಾಳೆ ಅವಳನ್ನ ಚುಚ್ಚಬಾರದು.”

ಕೆಳಗಿನ ತುದಿ ಹಿಡಿದಿದ್ದ ನನ್ನ ಕಣ್ಣಿಗೆ ಆಗ ಬಿತ್ತು: ಪೋರ್ಚುಗಲ್ಲಿನ ನದಿಯೊಂದರ ಗುಂಟ, ಸಮುದ್ರ ಮುಟ್ಟುವ ತನಕ, ಅರಿಸಿನದ ಬೆರಳ ಗುರುತು. ಹಳೆಯದರ ಮೇಲೆ ಹೊಸದು. ದೊಡ್ಡಪ್ಪ ಕೈ ತೊಳೆಯದೆ ನಕ್ಷೆ ಮುಟ್ಟಿದವರಲ್ಲ. ಬಗ್ಗಿ ಅವರೂ ನೋಡಿದರು. ಮೊಳೆ ಕೀಳುತ್ತಿದ್ದ ಕೈ ಅಲ್ಲೇ ನಿಂತಿತು.

ಅಡುಗೆಮನೆ ಬಾಗಿಲಲ್ಲಿ ದೊಡ್ಡಮ್ಮ. ನಂಜನಗೂಡಿನಿಂದಾಚೆ ಕಾಲಿಡದವರು. “ಇವರ ಹುಚ್ಚು ನಮ್ಮ ಮಾನ ಕಳೀತು” ಎಂದು ಅಂದು ಬೆಳಗ್ಗೆಯೂ ಗೊಣಗಿದವರು. ಈಗ ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದರು.

“ದೊಡ್ಡಮ್ಮ, ಇವರು ಅಂಗಡಿಗೆ ಹೋದಮೇಲೆ ನೀವೊಬ್ಬರೇ ಈ ನದಿ ಗುಂಟ ಎಲ್ಲಿಗೆ ಹೊರಡ್ತಿದ್ರಿ?”