ಗಾಜಿನೊಳಗಿನ ಹುಲ್ಲು ಮತ್ತು ನನ್ನ ಸಿಟ್ಟು

ನನಗ ಸಿಟ್ಟು ಜಾಸ್ತಿ ಅಂತ ಬ್ಯಾಂಕಿನ್ಯಾಗೂ ಅಂತಾರ, ಮನ್ಯಾಗೂ ಅಂತಾರ. ಸಿಟ್ಟು ಬರಂಗ ಮಾಡೋರಿಗೆ ಮಾತ್ರ ಯಾರೂ ಏನೂ ಅನ್ನಂಗಿಲ್ಲ. ಫಿಶ್ ಟ್ಯಾಂಕಿನೊಳಗ ನಾಕು ಗಿಡ ಬೆಳಸ್ತೀನಿ ಅಂತ ಹೊಂಟವನಿಗೆ ಎಷ್ಟು ಮಂದಿ ಅಡ್ಡ ಬರ್ತಾರ ಕೇಳ್ರಿ. ಆಮ್ಯಾಲೆ ನನ್ನ ಸಿಟ್ಟಿನ ಮಾತು ಆಡ್ರಿ.

೧. ಉಸುಕು

ಎಂಬತ್ತರ ದಶಕದ ಕೊನಿಗೆ ಗುಲ್ಬರ್ಗಾದಿಂದ ನಾಸಿಕ್‌ಗೆ ವರ್ಗ ಆಗಿತ್ತು. ಅಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಕಡೆ ಖರೇ ಗಿಡ ಇದ್ದ ಟ್ಯಾಂಕ್ ನೋಡಿದೆ. ರಿಬ್ಬನ್ನಿನಂಥ ಹಸರು ಎಲಿ ನೀರಾಗ ತೂಗ್ಯಾಡ್ತಿದ್ವು. ಹಲ್ಲು ಕಿತ್ತಿದ್ದೂ ಗೊತ್ತಾಗಲಿಲ್ಲ. ನಮ್ಮ ಮನ್ಯಾಗೂ ಇಂಥಾದೇ ಆಗಬೇಕು, ಪ್ಲಾಸ್ಟಿಕ್ ಗಿಡ ನಡಿಯಂಗಿಲ್ಲ ಅಂತ ಹಟ ಹಿಡದು ಟ್ಯಾಂಕ್ ತಂದೆ.

"ಗಣಪತಿ ಹಬ್ಬದೊಳಗ ಒಂದರೆ ಹೊಸಾ ಎಲಿ ಬರಬೇಕ್ರಿ. ಇಲ್ಲಂದ್ರ ಟ್ಯಾಂಕ್ ಒರಸಿ ಜೋಳ ತುಂಬ್ತೀನಿ" ಅಂದ್ಲು ಹೆಂಡತಿ. ಊರಿಂದ ಬರೋ ಜೋಳಕ್ಕ ಆಕಿಗೆ ಜಾಗ ಸಾಲ್ತಿರಲಿಲ್ಲ.

ಗೋದಾವರಿ ದಂಡಿಯಿಂದ ಉಸುಕು ತಂದು, ಸೋಸಿ, ಏಳು ಸಲ ತೊಳದು ಗಿಡ ನೆಟ್ಟು, ನಾಕು ಮೀನು ಬಿಟ್ಟೆ. ಶುಕ್ರವಾರ ಬಾಜೂ ಮನಿ ಮರಾಠಿ ವಹಿನಿ ನಾಕು ಮಂದಿ ಹೆಣ್ಮಕ್ಕಳನ್ನ ಕರ್ಕೊಂಡು ಬಂದು, ಗೋದಾವರಿ ಮನಿಗೇ ಬಂದಾಳಂತ ನೀರಿಗೆ ಅರಿಶಿಣ ಕುಂಕುಮ ಏರಿಸಿ ಹೋದ್ರು. ಸಂಜಿಗೆ ಬಂದು ನೋಡಿದ್ರ ಟ್ಯಾಂಕ್ ತುಂಬ ಸಾರು.

"ವಹಿನಿ, ಇದು ಮೀನಿನ ಮನಿ" ಅಂದೆ, ಹಲ್ಲು ಕಡದು.

"ಅದಕ್ಕೇ ಸ್ವಲ್ಪನ ಹಾಕೀವಿ ಭಾವುಜಿ" ಅಂದ್ರು.

೨. ಕಳೆ

ನೀರು ಬದಲಿಸಿ ಮತ್ತ ಗಿಡ ನೆಟ್ಟೆ. ಅಷ್ಟರಾಗ ಊರಾಗ ಮದವಿ ಬಂತು. ನಮ್ಮ ಬ್ಯಾಂಕಿನ ವಾಚ್‌ಮನ್‌ಗೆ ಮನಿ ಕೀಲಿ ಕೊಟ್ಟು, ದಿನಾ ಮೀನಿಗೆ ಒಂದು ಚಿಟಿಕಿ ಕಾಳು ಹಾಕು ಅಂದೆ. ಅಂವ ಚಾಂದವಡ್ ಕಡೆಯವ, ಉಳ್ಳಾಗಡ್ಡಿ ಬೆಳಿಯೋ ಮನಿತನ.

ಎಂಟು ದಿನಕ್ಕ ಬಂದು ನೋಡ್ತೀನಿ, ಉಸುಕು ಅದ, ಮೀನು ಅದಾವ, ಒಂದು ಎಲಿ ಇಲ್ಲ.

"ಗಿಡ ಎಲ್ಲಿ?"

"ಸಾಹೇಬ್, ಒಳಗ ಹುಲ್ಲು ಎದ್ದಿತ್ತು. ಬೇರು ಸಮೇತ ಕಿತ್ತೀನಿ" ಅಂದ, ಶಾಬಾಸ್ ಅಂತೀನಿ ಅಂತ ನಿಂತಿದ್ದ.

ಬಾಯಿಗೆ ಬಂದಂಗ ಬೈದೆ. ಅಂವಗ ಭಾಳ ಕೆಟ್ಟ ಅನಿಸ್ತು. "ಕಳೆ ಬಿಟ್ರ ಮೀನು ಹೆಂಗ ಬೆಳಿತಾವ ಸಾಹೇಬ್?" ಅಂತ ನನಗೇ ಕೇಳ್ದ.

೩. ವಿಸರ್ಜನಿ

ಜೂನ್‌ನ್ಯಾಗ ಔರಂಗಾಬಾದ್‌ಗೆ ವರ್ಗ. ಅದೇ ಉಸುಕು ಚೀಲದಾಗ ಕಟ್ಟಿ ಲಾರಿಗೆ ಹಾಕಿದೆ. ಮೂರನೇ ಸಲ ಗಿಡ ನೆಟ್ಟೆ. ಎಲಿ ಕಂದು ಆದವು, ಹೊಸಾದು ಬರಲಿಲ್ಲ. ಗಣಪತಿ ಕೂಡೋ ದಿನ ಹೆಂಡತಿ ಜೋಳದ ಚೀಲ ತಂದು ಟ್ಯಾಂಕಿನ ಬಾಜೂಕ ನಿಂದ್ರಿಸಿದ್ಲು. ನನಗ ಊಟ ಸೇರಲಿಲ್ಲ.

ಮರುದಿನ ಸಂಜಿಗೆ ಬ್ಯಾಂಕಿಂದ ಬಂದ್ರ ಬಾಗಲಾಗ ಹನ್ನೆರಡು ಜೋಡ ಚಪ್ಪಲಿ. ಒಳಗ ಆರತಿ. ಮೀನು ಅನ್ನದ ಪಾತೇಲಿಯೊಳಗ. ಮ್ಯಾಲಿನ ಮನಿ ಆಜಿ, ಕಾಲಿಗೆ ಪ್ಲಾಸ್ಟರ್ ಹಾಕ್ಕೊಂಡವರು, ಕುರ್ಚಿ ಮ್ಯಾಲೆ ಕೂತು ತಮ್ಮ ಅಂಗೈಯಷ್ಟು ಮಣ್ಣಿನ ಗಣಪತೀನ್ನ ನನ್ನ ಟ್ಯಾಂಕಿನೊಳಗ ಮುಳಗಸಲಿಕ್ಕತ್ತಾರ.

"ಏನ್ ನಡದದ ಇಲ್ಲಿ?"

"ಬಾವಿ ತನಕ ನಡಿಲಿಕ್ಕಾಗಂಗಿಲ್ಲಪ್ಪ. ಬಕೇಟಿನ್ಯಾಗ ಬಿಡೂಣಂದ್ರ ನಳ ಬಂದು ಎರಡು ದಿನ ಆತು. ನಿಮ್ಮಲ್ಲೆ ಗೋದಾವರಿ ಉಸುಕೇ ಅದ ಅಂತ ನಿನ್ನ ಹೆಂಡತಿ ಹೇಳಿದ್ಲು."

ಹೆಂಡತಿ ಕಡೆ ತಿರಗಿದೆ. ಮೋದಕ ತಿನ್ಕೋತ, "ಹೆಂಗೂ ನಾಳೆ ಜೋಳ ತುಂಬೋದಿತ್ತಲ್ರಿ" ಅಂದ್ಲು.

ನಾ ಬೈದದ್ದು ಮೋರಯಾ ಮೋರಯಾ ಗದ್ದಲದಾಗ ಯಾರಿಗೂ ಕೇಳಲಿಲ್ಲ. ಮೂರು ದಿನ ಮನ್ಯಾಗ ಮಾತು ಬಿಟ್ಟೆ. ಆದ್ರ ಗಣಪತಿ ಕರಗಿದ ನೀರು ಎಲ್ಲೆಂದ್ರಲ್ಲಿ ಚೆಲ್ಲಂಗಿಲ್ಲ, ಹಂಗಾಗಿ ಜೋಳ ಚೀಲದಾಗೇ, ಮೀನು ಪಾತೇಲಿಯೊಳಗೇ ಉಳದ್ವು.

ಹದಿನೈದು ದಿನಕ್ಕ ರಾಡಿ ತಳಕ್ಕ ಕುಂತು ನೀರು ತಿಳಿ ಆತು. ನೋಡ್ತೀನಿ, ಉಸುಕಿನ ಮ್ಯಾಲಿನ ಆ ಮಣ್ಣಿನೊಳಗಿಂದ ಒಂದಲ್ಲ, ಏಳು ಹಸರು ಮೊಳಕಿ, ಅದೇ ರಿಬ್ಬನ್ನಿನಂಥ ಎಲಿ. ಹೆಂಡತಿ ಬಗ್ಗಿ ಎಣಿಸಿದ್ಲು, ಜೋಳದ ಚೀಲ ಎಳ್ಕೊಂಡು ಒಳಗ ಹೋದ್ಲು. ನನಗ ಕಣ್ಣಾಗ ನೀರು ಬಂತು. ಮಣ್ಣು ಗಿಡಕ್ಕ ಗೊಬ್ಬರ ಇದ್ದಂಗ ಅಂತ ಇಡೀ ಬಿಲ್ಡಿಂಗಿಗೆ ತಿಳಿಸಿ ಹೇಳ್ದೆ. ಎಲ್ಲಾರೂ ಟ್ಯಾಂಕಿಗೆ ಕೈ ಮುಗದು ಹೋದ್ರು.

ಮುಂದಿನ ವರ್ಷ ಹಬ್ಬ ಎಂಟು ದಿನ ಇರೋವಾಗ ಆಜಿ ಕೆಳಗ ಬಂದ್ರು. ಕಾಲು ನೆಟ್ಟಗಾಗಿತ್ತು, ಬಾವಿಗೆ ಹೋಗಬಹುದಿತ್ತು. ಗೇಣು ಹಾಕಿ ಟ್ಯಾಂಕ್ ಅಳದು ಅಂದ್ರು, "ಈ ಸಲ ನಮ್ಮ ಗಣಪತಿ ಸ್ವಲ್ಪ ಎತ್ತರ ಇದ್ದಾನ. ದೊಡ್ಡ ಟ್ಯಾಂಕ್ ತಂದಿಡು."

ಮೈಯೆಲ್ಲಾ ಉರದು ಹೋತು. ಮರುದಿನ ಹೋಗಿ ತಂದೆ.