ಏಕಾದಶಿ ಮಾಡುವ ಮೀನುಗಳು

ಯಾವುದಾದರೊಂದು ಸಂಘದ ಸದಸ್ಯನಾಗಬೇಕೆಂಬ ಚಪಲ ನನಗೆ ಮೊದಲಿನಿಂದಲೂ ಇದೆ. ಎಂಥ ಸಂಘ ಎನ್ನುವುದು ಮುಖ್ಯವಲ್ಲ. ಕೂರಲು ಬೆತ್ತದ ಕುರ್ಚಿ, ಕುಡಿಯಲು ಕಾಫಿ, ‘ಮಾನ್ಯ ಸದಸ್ಯರೇ’ ಎಂದು ಕರೆಯಲು ಒಬ್ಬ ಅಧ್ಯಕ್ಷ ಇದ್ದರೆ ಸಾಕು. ತಪ್ಪು ನನ್ನೊಬ್ಬನದಲ್ಲ. ಸ್ವಾತಂತ್ರ್ಯ ಸಿಕ್ಕಿ ನಮ್ಮ ಕೂರ್ಗು ಈಗ ಒಂದು ರಾಜ್ಯ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ಮುಗಿದುಹೋಗುವ ಈ ರಾಜ್ಯಕ್ಕೆ ಮಂತ್ರಿಗಳು, ಶಾಸನಸಭೆ ಎಲ್ಲ ಬಂದಮೇಲೆ ಕೈಕಾಲು ಗಟ್ಟಿಯಿದ್ದವರೆಲ್ಲ ಒಂದಲ್ಲ ಒಂದಕ್ಕೆ ಅಧ್ಯಕ್ಷರಾಗಿಬಿಟ್ಟರು. ಪಾಲಿಬೆಟ್ಟದ ಉತ್ತಯ್ಯನವರ ಪಾಲಿಗೆ ಉಳಿದದ್ದು ಮೀನು. ಪಕ್ಕದ ಎಸ್ಟೇಟಿನ ಬಿಳಿ ದೊರೆ ತನ್ನ ದೇಶಕ್ಕೆ ಹೊರಡುವಾಗ ಗಾಜಿನ ತೊಟ್ಟಿಯನ್ನೂ ಅದರೊಳಗಿನ ಹೊಂಬಣ್ಣದ ಮೀನುಗಳನ್ನೂ ಇವರಿಗೆ ಕೊಟ್ಟುಹೋದ. ಮರುವಾರವೇ ಮೀನು ಸಾಕುವವರ ಸಂಘ ಹುಟ್ಟಿತು.

ಕುಶಾಲನಗರದ ಸ್ಕೂಲು ಮೇಷ್ಟರಾದ ನಾನು ಹಲ್ಲು ಗಿಂಜಿಕೊಂಡು ಹೋಗಿ ನಿಂತೆ. ಉತ್ತಯ್ಯನವರು ಒಂದು ಜೋಡಿ ಮೀನು ಕೊಟ್ಟರು. “ನೋಡಿ ಮೇಷ್ಟ್ರೇ, ಮನೆಗೊಬ್ಬರೇ ಮೆಂಬರು. ಮಳೆಗಾಲ ಮುಗಿಯೋವರೆಗೆ ಇವನ್ನ ಬದುಕಿಸಿ. ಆಮೇಲೆ ನಿಮ್ಮನೇಲೇ ಮೀಟಿಂಗು. ಮೀನು ಇದ್ರೆ ನೀವು ಪರ್ಮನೆಂಟು. ಇಲ್ಲದಿದ್ರೆ ಇಲ್ಲ, ಬೇಜಾರು ಮಾಡ್ಬೇಡಿ ಮಾರಾಯ್ರೇ” ಎಂದರು.

ಪೆಪ್ಪರ್‌ಮಿಂಟ್ ಭರಣಿಯಲ್ಲಿ ಮೀನು ಹಿಡಿದು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ತಡೆದಳು. ನಾವು ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು. ನಮ್ಮಮ್ಮ ಈರುಳ್ಳಿಯನ್ನೂ ಅನುಮಾನದಿಂದ ನೋಡುವವಳು.

“ತಿನ್ನೋಕಲ್ಲಮ್ಮ, ನೋಡೋಕೆ” ಎಂದೆ.

“ನೋಡೋಕೆ ಹೊಳೆ ಇಲ್ವೇನೋ?”

ಕೊನೆಗೆ ಜಗಲಿಯವರೆಗೆ ಪ್ರವೇಶ ಸಿಕ್ಕಿತು. ಈ ಮನೆಯಲ್ಲಿ ಇರಬೇಕಾದರೆ ಈ ಮನೆಯ ರೀತಿಯಲ್ಲಿ ನಡೆದುಕೊಳ್ಳಬೇಕು ಎಂದು ಅವಳು ಮೀನುಗಳಿಗೇ ನೇರವಾಗಿ ಹೇಳಿದಳು. ಪೂಜೆಯಾದಮೇಲೆ ನಾಲ್ಕು ಅಗುಳು ಅನ್ನ, ಆಮೇಲೆ ಏನೂ ಇಲ್ಲ. ಏಕಾದಶಿಯ ದಿನ ನಿಟ್ಟುಪವಾಸ. ಅವು ಗಾಜಿಗೆ ಮೂತಿಯೊತ್ತಿ ನನ್ನನ್ನು ನೋಡುವಾಗ ನನಗೆ ಒಂದೇ ಚಿಂತೆ. ಇವು ಸತ್ತರೆ ನನ್ನ ಬೆತ್ತದ ಕುರ್ಚಿಯೂ ಹೋಯಿತಲ್ಲ!

“ಅಮ್ಮಾ, ಅವಕ್ಕೆ ಏಕಾದಶಿ ಅಂದ್ರೇನು ಅಂತ ಗೊತ್ತಿಲ್ಲ.”

“ನಿಂಗೂ ಗೊತ್ತಿರ್ಲಿಲ್ಲ. ನಾನು ಕಲಿಸ್ಲಿಲ್ವೆ?”

ಅತ್ತ ಸಂಘದ ಉಳಿದ ಮೀನುಗಳದು ರಾಜಭೋಗ. ಕೊಡಗಿನ ಮನೆಗೆ ಬಂದವರು ಉಣ್ಣದೆ ಹೋಗುವಂತಿಲ್ಲ. ಮೀನೂ ಮನೆಗೆ ಬಂದದ್ದೇ ತಾನೆ? ಯಜಮಾನರು ಕಡಂಬುಟ್ಟಿನ ಅಕ್ಕಿಯುಂಡೆ ಮುರಿದು ಹಾಕಿದರೆ ಯಜಮಾನಿತಿ ಬಿಸ್ಕತ್ತು ಹಾಕುವರು. ಉತ್ತಯ್ಯನವರ ನೆಂಟರೊಬ್ಬರು ತಮ್ಮ ಬ್ರಾಂದಿಯಲ್ಲೂ ಒಂದಿಷ್ಟು ಪಾಲು ಕೊಟ್ಟರಂತೆ. ನೀರು ಹುಳಿಯಾಗಿ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲಿದವು. ಪ್ರತಿ ಮೀಟಿಂಗಿನಲ್ಲೂ ಒಂದು ಸಂತಾಪಸೂಚನೆ. ಅದರ ಬೆನ್ನಿಗೇ ಕಾಚಂಪುಳಿಯ ಹುಳಿ ಹಚ್ಚಿ ಹುರಿದ ಹೊಳೆಮೀನು. ಸದಸ್ಯರು ಕಣ್ಣೊರೆಸಿಕೊಂಡು ಮುಳ್ಳು ಬಿಡಿಸುತ್ತಿದ್ದರೆ ನಾನು ಮೂಲೆಯಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದೆ.

ಮಳೆ ನಿಂತಿತು, ನಮ್ಮ ಮನೆಯ ಮುಂದೆ ಜೀಪುಗಳು ಬಂದು ನಿಂತವು. ಭರಣಿಯಲ್ಲಿ ಎರಡೂ ಮೀನುಗಳು ಜಗತ್ತಿನ ಪರಿವೆಯೇ ಇಲ್ಲದೆ ಓಡಾಡುತ್ತಿದ್ದವು. ಉತ್ತಯ್ಯನವರು ಟೋಪಿ ತೆಗೆದರು. “ಎಂಥ ಮಾಡಿದ್ರಿ ಮೇಷ್ಟ್ರೇ? ನನ್ನ ತೊಟ್ಟೀಲಿ ಈಗ ನೀರು ಮಾತ್ರ ಉಂಟು.”

ನನ್ನ ಎದೆ ಉಬ್ಬಿತು. ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. “ಆಹಾರ ನಿಯಂತ್ರಣದ ಬಗ್ಗೆ ನಾನು ನಡೆಸಿದ ದೀರ್ಘ ಅಧ್ಯಯನ...” ಎನ್ನುವಷ್ಟರಲ್ಲಿ ಅಮ್ಮ ಕಾಫಿಯ ತಟ್ಟೆ ಹಿಡಿದು ಬಂದಳು.

“ಇವಂದು ಅಧ್ಯಯನವೇ? ಮೊನ್ನೆ ಏಕಾದಶಿ ದಿನ ಕದ್ದು ಅವಲಕ್ಕಿ ಹಾಕೋಕೆ ಹೋಗಿದ್ದ. ಕೈ ಮೇಲೆ ಒಂದು ಬಿಟ್ಟೆ. ಇವನ ಕೈಗೆ ಕೊಟ್ಟಿದ್ರೆ ಎಂದೋ ಸತ್ತಿರೋವು.” ಹಾಗೇ ತನ್ನ ಕ್ರಮವನ್ನೆಲ್ಲ ಹೇಳಿದಳು.

ಉತ್ತಯ್ಯನವರು ಕೈ ಮುಗಿದು, “ಸಾಕಿದವರೇ ಮೆಂಬರು. ಮನೆಗೊಬ್ಬರೇ” ಎಂದು ಅಮ್ಮನಿಗೆ ಬೆತ್ತದ ಕುರ್ಚಿ ಎಳೆದುಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಅಳು ಬರುವ ಹಾಗಾಗಿತ್ತು.

ಈಗ ಪಾಲಿಬೆಟ್ಟದಿಂದ ನಾಪೋಕ್ಲುವಿನವರೆಗೆ ಸಂಘ ಹೊಸದಾಗಿ ತರಿಸಿದ ಮೀನುಗಳೆಲ್ಲ ಏಕಾದಶಿ ಮಾಡುತ್ತವೆ. ಅಂದು ಅವುಗಳ ಪಾಲನ್ನೂ ಸದಸ್ಯರೇ ತಿನ್ನುತ್ತಾರೆ. ನಾನು ಒಂದು ಮೀಟಿಂಗೂ ತಪ್ಪಿಸುವುದಿಲ್ಲ. ಅಮ್ಮ ಬೇರೆಯವರ ಮನೆಯಲ್ಲಿ ನೀರು ಮುಟ್ಟುವುದಿಲ್ಲವಾದ್ದರಿಂದ ಅವಳ ಚೊಂಬು ಹಿಡಿದುಕೊಂಡು ಹಿಂದೆ ಹೋಗಬೇಕು. ಹೋದ ಸಲ ಉತ್ತಯ್ಯನವರಿಗೆ ಕನಿಕರ ಬಂದು, “ಮೇಷ್ಟ್ರು ಎಂಥಕ್ಕೆ ನಿಂತಿದ್ದಾರೆ? ಒಂದು ಕುರ್ಚಿ ತನ್ನಿ” ಎಂದರು.

“ಬೇಡ, ನಿಂತಿರ್ಲಿ” ಎಂದಳು ಮಾನ್ಯ ಸದಸ್ಯೆ. “ಇವನಿನ್ನೂ ಪರ್ಮನೆಂಟ್ ಆಗಿಲ್ಲ.”