ಕುಶಲಕ್ಕನ ಅಪಘಾತರಹಿತ ಮನೆ

ಮನುಷ್ಯನು ರಸ್ತೆಯಲ್ಲಿ ಬೀಳುವುದಕ್ಕಿಂತ ಹೆಚ್ಚು ಸಲ ಸ್ವಂತ ಮನೆಯೊಳಗೇ ಬೀಳುತ್ತಾನೆ ಎಂಬ ಸಂಗತಿಯು ೧೯೮೧ನೆಯ ಇಸವಿಯಲ್ಲಿ ಉಡುಪಿಯ ಗೃಹಸುರಕ್ಷತಾ ಪ್ರಚಾರ ಸಮಿತಿಯ ಗಮನಕ್ಕೆ ಬಂದಿತು. ಅಲ್ಲಿಯವರೆಗೆ ಜನರು ಯಾರಿಗೂ ತಿಳಿಸದೆ ಬೀಳುತ್ತಿದ್ದರು.

ಸಮಿತಿಯ ಅಧ್ಯಕ್ಷರು ಸರ್ವೋತ್ತಮ ಹೆಗ್ಡೆಯವರು. ಪೇಟೆಯಲ್ಲಿ ಅವರದೊಂದು ಅಂಗಡಿ ಇತ್ತು. ಅಂಗಡಿಯ ಎಡಗಡೆ ನೆಲಕ್ಕೆ ಹಚ್ಚುವ ಪಾಲಿಶ್, ಬಲಗಡೆ ಜಾರದ ರಬ್ಬರ್ ಚಪ್ಪಲಿ. ಎಡಗಡೆಯಿಂದ ಕೊಂಡುಹೋದವರು ಸ್ವಲ್ಪ ದಿನದಲ್ಲಿ ಕುಂಟುತ್ತಾ ಬಲಗಡೆಗೆ ಬರುತ್ತಿದ್ದರು. ಎರಡೂ ಒಂದೇ ಮಾಡಿನ ಕೆಳಗೆ ಸಿಗುವುದು ಸಾರ್ವಜನಿಕರಿಗೆ ದೊಡ್ಡ ಅನುಕೂಲವೆಂದು ಸಮಿತಿಯು ತನ್ನ ಮೊದಲ ಸಭೆಯಲ್ಲೇ ಸಂತೋಷ ವ್ಯಕ್ತಪಡಿಸಿತು.

ಆ ಅಂಗಡಿಯಲ್ಲಿ ಕೆಲಸಕ್ಕಿದ್ದ ದೇವದಾಸ ಕಾಪುವಿನವನು. ಸಮಿತಿಗೆ ಒಂದು ಮಾದರಿ ಮನೆ ಬೇಕೆಂದು ತೀರ್ಮಾನವಾದ ದಿನ ಅವನ ಧನಿಗಳಾದ ಹೆಗ್ಡೆಯವರು ದೇವದಾಸನ ಮುಖ ನೋಡಿದರು. ದೇವದಾಸ ತಲೆಯಾಡಿಸಿದ. ಬಸ್ಸಿಳಿದು ಮನೆಗೆ ಬಂದು ಹೆಂಡತಿ ಕುಶಲಾಳಿಗೆ ಹೇಳುವ ಹೊತ್ತಿಗೆ ಅದು ಅವನದೇ ಯೋಜನೆಯಾಗಿತ್ತು.

"ಮಾದರಿ ಅಂದರೆ ನಾವು ಎಂತ ಮಾಡಬೇಕು?" ಎಂದು ಕುಶಲಾ ಕೇಳಿದಳು.

"ಎಂತ ಇಲ್ಲ. ಈಗ ಹೇಗೆ ಉಂಟೋ ಹಾಗೆಯೇ ಇದ್ದರಾಯಿತು. ಅವರು ಬಂದು ಸ್ವಲ್ಪ ಸ್ವಚ್ಛ ಮಾಡುತ್ತಾರೆ."

ಕುಶಲಾಳಿಗೆ ಇದು ಒಪ್ಪಿಗೆಯಾಯಿತು. ನಿಟ್ಟೆಗೆ ಮದುವೆಯಾಗಿದ್ದ ಮಗಳು ವಿನೋದಾ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಒಳಕೋಣೆಗೆ ಸುಣ್ಣ ಹೊಡೆಸಿ, ಮಗುವಿಗೆ ಹಾಸಲು ಹಳೆಯ ಮೆತ್ತಗಿನ ಸೀರೆಗಳನ್ನು ಒಗೆದು ಮಡಚಿಟ್ಟು ಕುಶಲಾ ಆಗಲೇ ಕಾಯುತ್ತಿದ್ದಳು. ಬಾಣಂತಿ ಇರುವ ಮನೆ ಸ್ವಚ್ಛವಾಗುವುದಾದರೆ ಯಾರು ಬೇಡವೆನ್ನುತ್ತಾರೆ?

ಸಮಿತಿಯ ಕಾರ್ಯದರ್ಶಿ ಹೃಷೀಕೇಶ ರಾಯರು ನಿವೃತ್ತ ಕನ್ನಡ ಪಂಡಿತರು. ತಾವು ಬರೆದ ಯಾವ ವಾಕ್ಯವನ್ನೂ 'ತಕ್ಕದ್ದು' ಎಂದು ಮುಗಿಸದೆ ಅವರಿಗೆ ಸಮಾಧಾನವಿರಲಿಲ್ಲ. ಜಗಲಿಯಲ್ಲಿ ನಿಂತು ಅವರು ಸೂಚನೆಗಳನ್ನು ಓದಿದರು. ಬಚ್ಚಲಿನ ಕಲ್ಲಿನ ಪಾಚಿಯನ್ನು ತೆಂಗಿನ ಸಿಪ್ಪೆಯಿಂದ ತಿಕ್ಕತಕ್ಕದ್ದು. ಉರಿಯುತ್ತಿರುವ ಸ್ಟವ್ವಿಗೆ ಸೀಮೆಎಣ್ಣೆ ಹೊಯ್ಯತಕ್ಕದ್ದಲ್ಲ. ಬೆಂಕಿಪೆಟ್ಟಿಗೆಯನ್ನು ಮಕ್ಕಳ ಕೈಗೆಟುಕದಂತೆ ಇಡತಕ್ಕದ್ದು. ಸಂಜೆಯ ಹೊತ್ತಿಗೆ ಪಾದಗಳು ತುಸು ಊದಿಕೊಳ್ಳುವುದರಿಂದ ಚಪ್ಪಲಿಯನ್ನು ಸಂಜೆಯೇ ಕೊಳ್ಳತಕ್ಕದ್ದು. ಹೆಗ್ಡೆಯವರ ಅಂಗಡಿ ರಾತ್ರಿಯವರೆಗೂ ತೆರೆದಿರತಕ್ಕದ್ದು. ಇವೆಲ್ಲ ಕುಶಲಾಳಿಗೆ ಲಂಗ ಉಡುವ ವಯಸ್ಸಿನಿಂದಲೇ ಗೊತ್ತಿದ್ದವು, ಕೊನೆಯದೊಂದನ್ನು ಬಿಟ್ಟು. ಆದರೂ ಅಷ್ಟು ಗಂಭೀರವಾದ ಕನ್ನಡದಲ್ಲಿ ಕೇಳಿದಾಗ ತನ್ನ ಬಚ್ಚಲಿನ ಬಗ್ಗೆ ಅವಳಿಗೆ ಮೊದಲ ಬಾರಿಗೆ ಗೌರವ ಮೂಡಿತು.

ಮರುದಿನ ಅಂಗಡಿಯ ಎಡಗಡೆಯಿಂದ ಪಾಲಿಶ್ ಬಂತು. ಇಡೀ ಮನೆಯ ಕೆಂಪು ನೆಲಕ್ಕೆ ಹಚ್ಚಿದರು. ಮಾಡಿನ ಹಂಚುಗಳನ್ನು ನೆಲದಲ್ಲೇ ಎಣಿಸಬಹುದೆನ್ನುವಷ್ಟು ಹೊಳಪು ಬಂತು. ಅದನ್ನು ಧನಿಗಳಿಗೆ ತೋರಿಸಲು ಒಳಗೆ ಕಾಲಿಟ್ಟ ದೇವದಾಸ ಚಾವಡಿಯಿಂದ ಅಡುಗೆಮನೆಯವರೆಗೆ ಬೆನ್ನ ಮೇಲೆ ಹೋದ. ಮಾದರಿ ಮನೆಯ ಉದ್ಘಾಟನೆ ಇನ್ನೂ ಆಗಿರದ ಕಾರಣ ಅದು ಅಪಘಾತಗಳ ಲೆಕ್ಕಕ್ಕೆ ಸೇರುವುದಿಲ್ಲವೆಂದು ರಾಯರು ಸ್ಪಷ್ಟಪಡಿಸಿದರು. ದೇವದಾಸ ಮಲಗಿದಲ್ಲಿಂದಲೇ ಕೃತಜ್ಞತೆ ಸಲ್ಲಿಸಿದ.

ಉದ್ಘಾಟನೆಯಾದ ಮೇಲೆ ನಿಯಮಗಳು ಜಾರಿಗೆ ಬಂದವು. ಸುರಕ್ಷತೆಯ ದೃಷ್ಟಿಯಿಂದ, ಪಾಲಿಶ್ ಮಾಡಿದ ನೆಲದ ಮೇಲೆ ರಬ್ಬರ್ ಚಪ್ಪಲಿಯಿಲ್ಲದೆ ಯಾರೂ ನಡೆಯತಕ್ಕದ್ದಲ್ಲ. ಸ್ವಚ್ಛತೆಯ ದೃಷ್ಟಿಯಿಂದ, ಯಾವ ಚಪ್ಪಲಿಯೂ ಹೊಸ್ತಿಲು ದಾಟತಕ್ಕದ್ದಲ್ಲ.

ಕುಶಲಾ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತಳು. ಒಳಗೆ ಸ್ಟವ್ವಿನ ಮೇಲೆ ಗಂಜಿ ಕುದಿಯುತ್ತಿತ್ತು.

"ರಾಯರೇ, ಗಂಜಿ ಉಕ್ಕುತ್ತಾ ಉಂಟು. ನಾನು ಯಾವ ನಿಯಮದಲ್ಲಿ ಒಳಗೆ ಹೋಗಲಿ?"

ಪ್ರಶ್ನೆ ಸಮಂಜಸವಾದುದೆಂದು ರಾಯರು ಒಪ್ಪಿ, ಅಧ್ಯಕ್ಷರನ್ನು ಕೇಳಿಬರಲು ಉಡುಪಿಯ ಬಸ್ಸು ಹತ್ತಿದರು. ಮಧ್ಯಾಹ್ನ ಕಳೆದು ಹಿಂದಿರುಗಿ ಉತ್ತರ ತಿಳಿಸಿದರು. "ಎರಡೂ ನಿಯಮ ನಡೆಯುವವರಿಗೆ ಮಾತ್ರ ಅನ್ವಯ ಕುಶಲಕ್ಕ. ನೀವು ಒಳಗೆ ನಡೆಯದೇ ಇದ್ದರೆ ಎರಡನ್ನೂ ಪಾಲಿಸಿದ ಹಾಗಾಯಿತು."

ಅಷ್ಟರಲ್ಲಿ ಗಂಜಿಯ ವಿಚಾರ ಮುಗಿದಿತ್ತು. ಪಕ್ಕದ ಮನೆಯ ಗ್ಲ್ಯಾಡಿಸ್ ಬಾಯಿ ಬರಿಗಾಲಲ್ಲಿ ಗೋಡೆ ಹಿಡಿದುಕೊಂಡು ಹೋಗಿ ಸ್ಟವ್ ಆರಿಸಿ ಬಂದಿದ್ದರು. ಅವರಿಗೆ ಸಮಿತಿಯಿಂದ ಎಚ್ಚರಿಕೆ ಕೊಡಲಾಯಿತು.

"ನಿಮ್ಮ ಮನೆ ಸುಟ್ಟುಹೋಗಲಿ ಅಂತ ಬಿಡಬೇಕಿತ್ತಾ ಮಾರಾಯ್ತಿ?" ಎಂದು ಗ್ಲ್ಯಾಡಿಸ್ ಬಾಯಿ ಕುಶಲಾಳನ್ನು ಕೇಳಿದರು. ಆಮೇಲೆ ತಮ್ಮ ಜಗಲಿಯ ಒಂದು ಮೂಲೆ ಗುಡಿಸಿ, ಅಲ್ಲಿಯೇ ಒಲೆ ಹೂಡಿಕೊಳ್ಳಲು ಹೇಳಿದರು.

"ಸ್ವಲ್ಪ ದಿನದ ಮಟ್ಟಿಗೆ," ಎಂದ ದೇವದಾಸ, ಗ್ಲ್ಯಾಡಿಸ್ ಬಾಯಿಯ ಜಗಲಿಯಲ್ಲಿ ಚಾಪೆ ಬಿಡಿಸುತ್ತಾ. "ಧನಿಗಳ ಮಾತು ಮೀರಿ ಕೆಲಸ ಹೋದರೆ, ಸುರಕ್ಷಿತ ಮನೆಯಲ್ಲಿ ಉಪವಾಸ ಕೂರಬೇಕಾದೀತು."

ಮಾದರಿ ಮನೆಯನ್ನು ನೋಡಲು ಕಾರ್ಕಳದಿಂದ ಮಹಿಳಾ ಮಂಡಳಿಯವರು ಬಂದರು. ಮಣಿಪಾಲದಿಂದ ವಿದ್ಯಾರ್ಥಿಗಳು ಬಂದರು. ಎಲ್ಲರೂ ಅಂಗಳದಲ್ಲಿ ಸಾಲಾಗಿ ನಿಂತು ಕಿಟಕಿಯಿಂದ ಒಳಗೆ ಇಣುಕಿ, ಇಂತಹ ಮನೆಯಲ್ಲಿ ವಾಸಿಸುವವರು ಪುಣ್ಯವಂತರೆಂದರು. ಪುಣ್ಯವಂತರು ಪಕ್ಕದ ಜಗಲಿಯಲ್ಲಿ ಬಂಗುಡೆ ಮೀನು ಹುರಿಯುತ್ತಿದ್ದರು.

ವಿನೋದಾ ನಿಟ್ಟೆಯಿಂದ ಬಂದಳು. ಹೊಟ್ಟೆ ಮುಂದೆ ಬಂದಿತ್ತು, ಊದಿದ ಪಾದಗಳು ಚಪ್ಪಲಿಯಿಂದ ಹೊರಗೆ ಚೆಲ್ಲುತ್ತಿದ್ದವು. ಬಾಗಿಲಿಗೆ ಅಡ್ಡ ಕಟ್ಟಿದ್ದ ಹಗ್ಗವನ್ನು ನೋಡಿ ನಿಂತಳು.

"ಅಮ್ಮಾ, ನಮ್ಮ ಮನೆಗೆ ಎಂತ ಆಗಿದೆ?"

"ಸುರಕ್ಷಿತ ಆಗಿದೆ ಮಗಾ," ಎಂದಳು ಕುಶಲಾ. ಮಗಳ ಮುಖ ನೋಡಲಿಲ್ಲ.

ಮರುದಿನ ಅವಳೇ ರಾಯರ ಬಳಿ ಹೋದಳು. "ಹೆರಿಗೆಗೆ ಬಂದ ಹುಡುಗಿ. ಗಾಳಿಗೆ ಜಗಲಿಯಲ್ಲಿ ಹೇಗೆ ಮಲಗಿಸುವುದು? ಒಳಕೋಣೆಯಲ್ಲಿ ಒಂದು ಮೂಲೆ ಸಾಕು."

ರಾಯರ ಕಣ್ಣು ತೇವವಾಯಿತು. ಅವರಿಗೂ ಹೆಣ್ಣುಮಕ್ಕಳಿದ್ದರು. "ಮಲಗಲಿಕ್ಕೆ ಯಾವ ಅಡ್ಡಿಯೂ ಇಲ್ಲ ಕುಶಲಕ್ಕ," ಎಂದರು. "ಅಲ್ಲಿಯವರೆಗೆ ತಲುಪುವುದು ಹೇಗೆ ಎಂಬುದಷ್ಟೇ ಪ್ರಶ್ನೆ."

ಸಂಜೆ ನೋಡುವವರೆಲ್ಲ ಹೋದ ಮೇಲೆ ಕುಶಲಾ ಹಗ್ಗದಡಿ ನುಸುಳಿ ತನ್ನ ಮನೆಯೊಳಗೆ ಹೋದಳು. ಮೆತ್ತಗಿನ ಸೀರೆಗಳನ್ನಾದರೂ ತರಬೇಕಿತ್ತು. ಮದುವೆಯಾಗಿ ಬಂದಂದಿನಿಂದ ಕಣ್ಣು ಮುಚ್ಚಿ ಓಡಾಡಿದ ನೆಲ ಅವಳ ಕಾಲನ್ನು ಹಿಡಿಯಲೇ ಇಲ್ಲ. ಒಂದು ಹೆಜ್ಜೆಗೆ ಗೋಡೆ ಹಿಡಿದಳು, ಇನ್ನೊಂದಕ್ಕೆ ಕಿಟಕಿಯ ಸರಳು. ಸೀರೆಗಳನ್ನು ಎದೆಗವಚಿಕೊಂಡು ಹಿಂದೆ ತಿರುಗಿದಾಗ ಕಾಲು ಜಾರಿ ಮೊಣಕಾಲೂರಿದಳು. ತನ್ನ ಜಾಗದಲ್ಲಿ ವಿನೋದಾ ಇದ್ದಿದ್ದರೆ ಎಂದು ನೆನೆದಳು. ಮತ್ತೆ ಏಳುವ ಧೈರ್ಯವಾಗದೆ ಅಂಬೆಗಾಲಿಟ್ಟುಕೊಂಡೇ ಹೊರಗೆ ಬಂದಳು.

"ಸಮಿತಿಯವರು ಹೇಳುವುದು ಸುಳ್ಳಲ್ಲ ಮಗಾ," ಎಂದು ಮಗಳ ಪಕ್ಕದಲ್ಲಿ ಕೂತು ಹೇಳಿದಳು. "ಅದು ಮನುಷ್ಯರು ನಡೆಯುವ ಮನೆ ಅಲ್ಲ. ಅವರು ತಡೆಯದಿದ್ದರೆ ಯಾರಾದರೂ ಸಾಯುತ್ತಿದ್ದರು."

"ಪಾಲಿಶ್ ತೆಗೆದರಾಗುವುದಿಲ್ವಾ?" ಎಂದು ವಿನೋದಾ ಕೇಳಿದಳು.

"ತೆಗೆದರೆ ಸಮಿತಿ ಯಾಕೆ?" ಎಂದ ದೇವದಾಸ.

ಮಣಿಪಾಲದ ಆಸ್ಪತ್ರೆಯಲ್ಲಿ ವಿನೋದಾ ಹೆಣ್ಣುಮಗುವನ್ನು ಹೆತ್ತಳು. ತಾಯಿ ಮಗು ಕಾಪುವಿಗೆ ಬಂದ ದಿನ ಸರ್ವೋತ್ತಮ ಹೆಗ್ಡೆಯವರು ಸ್ವತಃ ಕಾರಿನಲ್ಲಿ ಬಂದು, ಬಟ್ಟೆ ಸರಿಸಿ ಮಗುವಿನ ಪಾದಗಳನ್ನು ಪರಿಶೀಲಿಸಿದರು.

"ಇದು ನಡೆಯುವುದಿಲ್ಲ. ಚಪ್ಪಲಿ ಹಾಕುವುದಿಲ್ಲ. ಸ್ಟವ್ ಹಚ್ಚುವುದಿಲ್ಲ," ಎಂದರು. "ರಾಯರೇ, ನಾವು ಇಷ್ಟು ದಿನ ಹುಡುಕುತ್ತಿದ್ದ ನಿವಾಸಿ ಇದೇ ಅಲ್ವಾ?"

ಹೀಗೆ ಆ ಮನೆಯಲ್ಲಿ ವಾಸಿಸಲು ಮನೆಯವರ ಪೈಕಿ ಒಬ್ಬರಿಗೆ ಅನುಮತಿ ದೊರೆಯಿತು. ಹೊಸ್ತಿಲ ಹೊರಗಿನಿಂದ ಕೈ ಚಾಚಿದರೆ ಸಿಗುವಂತೆ ಚಾವಡಿಯಲ್ಲಿ ತೊಟ್ಟಿಲು ಕಟ್ಟಿದರು. ವಿನೋದಾ ಮೆಟ್ಟಿಲ ಮೇಲೆ ಕೂತು ಹಾಲೂಡಿಸಿ ಮಗುವನ್ನು ಒಳಗೆ ದಾಟಿಸುತ್ತಿದ್ದಳು. ಕುಶಲಾ ಜಗಲಿಯಿಂದ ಹಗ್ಗ ಎಳೆದು ತೂಗುತ್ತಿದ್ದಳು. ಮೊದಮೊದಲು ವಿನೋದಾ ಅಳುತ್ತಿದ್ದಳು. ನಿಟ್ಟೆಯ ಅತ್ತೆ ಮಾವ ನೋಡಲು ಬಂದು, ಮೊಮ್ಮಗಳು ಇಷ್ಟು ಚಿಕ್ಕ ಪ್ರಾಯಕ್ಕೇ ಮಾದರಿಯಾದಳೆಂದು ಹೆಮ್ಮೆಪಟ್ಟು, ಸಮಿತಿಗೆ ಬೇಕಾದಷ್ಟು ದಿನ ಇರಲಿ ಎಂದು ಹೇಳಿಹೋದ ಮೇಲೆ ಅವಳೂ ಅಳುವುದನ್ನು ನಿಲ್ಲಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಊರಿನ ಬೇರೆ ಮನೆಯವರೂ ಮಾದರಿಯಾಗಲು ಮುಂದೆ ಬಂದರು. ಗ್ಲ್ಯಾಡಿಸ್ ಬಾಯಿಯ ಮನೆ ಆಯ್ಕೆಯಾಯಿತು. ಎರಡೂ ಸಂಸಾರ ಹಿತ್ತಿಲಿನ ಕಟ್ಟಿಗೆ ಕೊಟ್ಟಿಗೆಗೆ ಬಂದವು. ಅಲ್ಲಿ ನೆಲ ಮಣ್ಣಿನದಾದ್ದರಿಂದ ಯಾರೂ ಜಾರಲಿಲ್ಲ. ಆದರೆ ಕೊಟ್ಟಿಗೆಯು ಮನೆಯ ವ್ಯಾಖ್ಯೆಗೆ ಒಳಪಡದ ಕಾರಣ ಇದನ್ನು ಯಾರೂ ಗಮನಿಸಲಿಲ್ಲ.

ಮಗು ಬೆಳೆಯಿತು. ತೊಟ್ಟಿಲಿನಿಂದ ಇಳಿದು ಅಂಬೆಗಾಲಿಟ್ಟಾಗ ಸ್ವಲ್ಪ ಆತಂಕವಾಯಿತಾದರೂ, ಅಂಬೆಗಾಲಿಡುವುದು ನಡಿಗೆಯಲ್ಲ, ನೆಲ ಒರೆಸುವ ಕ್ರಿಯೆ ಎಂದು ರಾಯರು ಅಭಿಪ್ರಾಯಪಟ್ಟರು. ಅದರ ಬಟ್ಟೆಯಿಂದ ನೆಲದ ಹೊಳಪು ಇನ್ನೂ ಹೆಚ್ಚಿತು.

ಒಂದು ಭಾನುವಾರ, ಅಂಗಳದ ತುಂಬ ಜನ ನೋಡುತ್ತಿರುವಾಗ, ಮಗು ಬಾಗಿಲ ಚೌಕಟ್ಟನ್ನು ಹಿಡಿದು ಎದ್ದು ನಿಂತಿತು. ಮೊಣಕಾಲು ನಡುಗುತ್ತಿದ್ದವು. ಬಲಗಾಲನ್ನು ಸ್ವಲ್ಪ ಎತ್ತಿ, ಸುತ್ತ ನೋಡಿ ನಕ್ಕಿತು.

ದೇವದಾಸ ಧನಿಗಳ ಮುಖ ನೋಡಿದ. ರಾಯರು ಕನ್ನಡಕ ತೆಗೆದು ಒರೆಸಿದರು. ವಿನೋದಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಕುಶಲಾ ಮೆಟ್ಟಿಲು ಹತ್ತಿ, ಹೊಸ್ತಿಲಾಚೆಗೆ ಕೈ ಚಾಚಿ, ಮೊಮ್ಮಗಳ ಹೆಗಲ ಮೇಲೆ ಅಂಗೈ ಇಟ್ಟು ಮೆಲ್ಲಗೆ ಒತ್ತಿದಳು.

"ಕೂತುಕೋ ಮಗಾ," ಎಂದಳು. "ನಮ್ಮ ಮನೆಯಲ್ಲಿ ಹಾಗೆಲ್ಲ ನಿಲ್ಲುವುದಿಲ್ಲ."

ಮಗು ಕೂತಿತು. ಅಂಗಳದಲ್ಲಿದ್ದವರು ಚಪ್ಪಾಳೆ ತಟ್ಟಿದರು.